ಮೀನಿನ ಬಾಯಿಯ ಮೇಲಿನ ಬಿಳುಪು: ಬೂಷ್ಟೋ, ಬ್ಯಾಕ್ಟೀರಿಯಾವೋ, ಬರಿಯ ಗಾಯವೋ?

ಬೆಳಗಿನ ಹೊತ್ತು ಹೊಂಡದ ದಂಡೆಯಲ್ಲಿ ನಿಂತು ತೌಡು ಮತ್ತು ಶೇಂಗಾ ಹಿಂಡಿಯ ಉಂಡೆಗಳನ್ನು ನೀರಿಗೆ ಹಾಕಿದಾಗ ಮೇಲೆದ್ದು ಬರುವ ಕಾಟ್ಲಾ ಮೀನುಗಳಲ್ಲಿ ಒಂದೆರಡರ ತುಟಿಯ ಮೇಲೆ ಹತ್ತಿ ಅಂಟಿದಂತಹ ಬಿಳುಪು ಕಂಡರೆ, ನೋಡಿದವರು ಮೊದಲು ಹೇಳುವ ಮಾತು ‘ಬೂಷ್ಟು ಹಿಡಿದಿದೆ’ ಎಂಬುದು. ಅಂಗಡಿಯಲ್ಲಿ ಆ ಮಾತನ್ನೇ ಹೇಳಿದರೆ ಬೂಷ್ಟಿನ ಔಷಧಿಯೇ ಕೈಗೆ ಬರುತ್ತದೆ. ಆ ಔಷಧಿ ನೀರಿಗೆ ಬಿದ್ದ ಮೇಲೂ ಎರಡು ಮೂರು ದಿನಗಳಲ್ಲಿ ಇನ್ನಷ್ಟು ಮೀನುಗಳು ತೇಲುವುದುಂಟು. ಬೇಸಿಗೆಯ ಬೆಚ್ಚನೆಯ ನೀರಿನಲ್ಲಿ ಗೆಂಡೆ ಜಾತಿಯ ಮೀನುಗಳ ಬಾಯಿಯ ಮೇಲೆ ಕಾಣುವ ಬಿಳುಪು ಅನೇಕ ಸಲ ಬೂಷ್ಟೇ ಅಲ್ಲ, ಅದು ಬ್ಯಾಕ್ಟೀರಿಯಾಗಳ ದಟ್ಟವಾದ ಪದರ. ಕಣ್ಣಿಗೆ ಒಂದೇ ಬಗೆಯಾಗಿ ಕಾಣುವ ಈ ತೊಂದರೆಗಳನ್ನು ಬೇರ್ಪಡಿಸಿ ಗುರುತಿಸುವುದು ಹೇಗೆ, ಗುರುತಿಸಿದ ಮೇಲೆ ಏನು ಮಾಡಬೇಕು, ಏನು ಮಾಡಬಾರದು ಎಂಬುದನ್ನು ಕೃಷಿಹೊಂಡದಲ್ಲಿ ಮೀನು ಸಾಕುವವರನ್ನೂ ಮನೆಯಂಗಳದ ಕೊಳದಲ್ಲಿ ಕೋಯಿ ಮತ್ತು ಗೋಲ್ಡ್‌ಫಿಶ್ ಸಾಕುವವರನ್ನೂ ಮನಸ್ಸಿನಲ್ಲಿಟ್ಟುಕೊಂಡು ಇಲ್ಲಿ ವಿವರಿಸಿದ್ದೇನೆ.

ರೋಗವನ್ನು ಗುರುತಿಸುವುದಕ್ಕೆ ಮೊದಲು ಆರೋಗ್ಯವಂತ ಮೀನಿನ ಬಾಯಿ ಹೇಗಿರುತ್ತದೆ ಎಂಬುದು ತಿಳಿದಿರಬೇಕು, ಏಕೆಂದರೆ ಒಂದೇ ಹೊಂಡದಲ್ಲಿರುವ ಮೀನುಗಳ ಬಾಯಿಗಳೂ ಒಂದೇ ರೀತಿ ಇರುವುದಿಲ್ಲ. ನೀರಿನ ಮೇಲ್ಪದರದಲ್ಲಿ ಮೇಯುವ ಕಾಟ್ಲಾದ ಬಾಯಿ ದೊಡ್ಡದಾಗಿದ್ದು ಮೇಲ್ಮುಖವಾಗಿ ತೆರೆದುಕೊಳ್ಳುತ್ತದೆ. ಅದರ ಕೆಳದವಡೆ ಮುಂದೆ ಚಾಚಿರುವುದು ಊನವಲ್ಲ. ನಡುನೀರಿನಲ್ಲಿ ಮೇಯುವ ರೋಹುವಿನ ತುಟಿಗಳು ದಪ್ಪವಾಗಿದ್ದು ಅಂಚಿನಲ್ಲಿ ಜಾಲರಿಯಂತೆ ನಿರಿಗೆಗಟ್ಟಿರುತ್ತವೆ, ಮೊದಲ ಸಲ ನೋಡುವವರಿಗೆ ಅದು ತುಟಿ ಹರಿದಂತೆ ಕಾಣಬಹುದು. ತಳದ ಕೆಸರಿನಲ್ಲಿ ಆಹಾರ ಹುಡುಕುವ ಮೃಗಾಲ್‌ನ ಬಾಯಿ ಮೂತಿಯ ಕೆಳಭಾಗದಲ್ಲಿದೆ. ಸಾಮಾನ್ಯ ಗೆಂಡೆಗೂ ಅದರದೇ ವಂಶದ ಕೋಯಿಗೂ ಬಾಯಿಯ ಎರಡು ಬದಿಗಳಲ್ಲಿ ಒಟ್ಟು ನಾಲ್ಕು ಮೀಸೆಗಳಿದ್ದು, ತುಟಿಗಳನ್ನು ಕೊಳವೆಯಂತೆ ಮುಂದಕ್ಕೆ ಚಾಚಿ ಕೆಸರನ್ನು ಹೀರಿ ಉಗುಳುವ ಶಕ್ತಿಯಿದೆ. ಗೆಂಡೆ ಜಾತಿಯ ಈ ಯಾವ ಮೀನಿಗೂ ದವಡೆಯಲ್ಲಿ ಹಲ್ಲಿಲ್ಲ. ಅಗಿಯುವ ಹಲ್ಲುಗಳು ಗಂಟಲಿನ ಒಳಗಿವೆ. ಇನ್ನೊಂದು ಸಂಗತಿಯನ್ನೂ ಮರೆಯಬಾರದು. ಮೀನಿಗೆ ಬಾಯಿ ತಿನ್ನುವುದಕ್ಕಷ್ಟೇ ಅಲ್ಲ, ಉಸಿರಾಟಕ್ಕೂ ಬೇಕು. ಬಾಯಿಯಿಂದ ನೀರನ್ನು ಒಳಗೆಳೆದು, ಬಾಯಿ ಮುಚ್ಚಿ, ಆ ನೀರನ್ನು ಕಿವಿರುಗಳ ಮೇಲೆ ಹಾಯಿಸಿ ಹೊರಗೆ ತಳ್ಳಿದಾಗಲೇ ಅದು ಉಸಿರಾಡುತ್ತದೆ. ಆದ್ದರಿಂದ ತುಟಿ ಬಾತು ಬಾಯಿ ಸರಿಯಾಗಿ ಮುಚ್ಚದ ಮೀನು ಹಸಿವಿನಿಂದ ಸಾಯುವುದಕ್ಕೆ ಮೊದಲೇ ಉಸಿರುಕಟ್ಟಿ ಸೊರಗುತ್ತದೆ.

ಬಾಯಿಯ ತೊಂದರೆ ಎಂದು ತೋರಿದರೂ ನಿಜದಲ್ಲಿ ನೀರಿನ ತೊಂದರೆಯೇ ಆಗಿರುವ ಒಂದು ಸ್ಥಿತಿಯನ್ನು ಮೊದಲು ಬದಿಗಿಡೋಣ. ನಸುಕಿನಲ್ಲಿ ಮೀನುಗಳೆಲ್ಲ ಮೇಲಕ್ಕೆ ಬಂದು ಬಾಯಿ ತೆರೆದು ತೆರೆದು ಮುಚ್ಚುತ್ತಿದ್ದರೆ, ಅದರಲ್ಲೂ ಕಾಟ್ಲಾ ಮತ್ತು ಬೆಳ್ಳಿಗೆಂಡೆಗಳು ಮೊದಲು ಹಾಗೆ ಮಾಡತೊಡಗಿದರೆ, ನೀರಿನಲ್ಲಿ ಕರಗಿದ ಆಮ್ಲಜನಕ ಕಡಿಮೆಯಾಗಿದೆ ಎಂದರ್ಥ. ಹಗಲಿನಲ್ಲಿ ಪಾಚಿ ಆಮ್ಲಜನಕವನ್ನು ಕೊಡುತ್ತದೆ, ರಾತ್ರಿಯಿಡೀ ಅದೂ ಆಮ್ಲಜನಕವನ್ನೇ ಬಳಸುತ್ತದೆ. ಹೀಗಾಗಿ ಸೂರ್ಯೋದಯದ ಸುಮಾರಿಗೆ ಅದರ ಪ್ರಮಾಣ ದಿನದಲ್ಲೇ ಅತ್ಯಂತ ಕೆಳಗಿರುತ್ತದೆ. ಲೀಟರಿಗೆ 3 ಮಿಲಿಗ್ರಾಂಗಿಂತ ಕೆಳಗಿಳಿದರೆ ಗೆಂಡೆಗಳು ಒತ್ತಡಕ್ಕೆ ಒಳಗಾಗುತ್ತವೆ. ಇದಕ್ಕೆ ಔಷಧಿ ಇಲ್ಲ. ಏರೇಟರ್ ಹಾಕುವುದು, ಕೊಳವೆಬಾವಿಯ ನೀರನ್ನು ಎತ್ತರದಿಂದ ಚಿಮ್ಮಿಸಿ ಬಿಡುವುದು, ಆ ದಿನ ಮೇವು ಮತ್ತು ಸಗಣಿ ಗೊಬ್ಬರವನ್ನು ನಿಲ್ಲಿಸುವುದು, ಇವೇ ಚಿಕಿತ್ಸೆ. ರೂಪ್‌ಚಂದ್ ಸಾಕುವವರು ಇದೇ ಕಾರಣದ ಇನ್ನೊಂದು ವಿಚಿತ್ರವನ್ನು ಕಾಣಬಹುದು. ದಕ್ಷಿಣ ಅಮೆರಿಕದಿಂದ ಬಂದ ಈ ಮೀನಿನ ಬಳಗಕ್ಕೆ ಆಮ್ಲಜನಕ ಕಡಿಮೆಯಾದಾಗ ಕೆಲವೇ ಗಂಟೆಗಳಲ್ಲಿ ಕೆಳತುಟಿ ಊದಿಕೊಂಡು ಮುಂದಕ್ಕೆ ಚಾಚುತ್ತದೆ. ಆಮ್ಲಜನಕ ಹೆಚ್ಚಿರುವ ಮೇಲ್ಪದರದ ನೀರನ್ನು ಕಿವಿರಿನ ಕಡೆಗೆ ತಿರುಗಿಸಿಕೊಳ್ಳುವುದಕ್ಕೆ ಅದು ಕಂಡುಕೊಂಡ ಉಪಾಯವಿದು. ನೀರು ಸುಧಾರಿಸಿದ ಮೇಲೆ ತುಟಿ ತಾನಾಗಿಯೇ ಇಳಿಯುತ್ತದೆ. ಇದನ್ನು ಬಾವು ಎಂದು ತಿಳಿದು ಔಷಧಿ ಹಾಕಿದರೆ, ಉಸಿರಿಗೆ ಹೋರಾಡುತ್ತಿರುವ ಮೀನಿಗೆ ಇನ್ನೊಂದು ಹೊರೆ ಹೊರಿಸಿದಂತಾಗುತ್ತದೆ.

ನೀರು ಸರಿಯಾಗಿದೆ ಎಂದು ಖಚಿತವಾದ ಮೇಲೆ ನೋಡಬೇಕಾದದ್ದು ಗಾಯ. ಸಾಕಣೆಯ ಮೀನಿನ ಬಾಯಿಯ ರೋಗಗಳಲ್ಲಿ ಬಹುಪಾಲು ಒಂದು ಸಣ್ಣ ಗಾಯದಿಂದ ಆರಂಭವಾಗುತ್ತವೆ ಎಂಬುದನ್ನು ಒತ್ತಿ ಹೇಳಬೇಕು. ಬಿತ್ತನೆ ಮರಿಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಿಕ್ಕಿರಿದು ತುಂಬಿ ದೂರದಿಂದ ತಂದಾಗ ಅವುಗಳ ಮೂತಿ ಚೀಲಕ್ಕೆ ಉಜ್ಜಿ ತುಟಿಯ ಮೇಲಿನ ಲೋಳೆಪದರ ಹೋಗುತ್ತದೆ. ಎಳೆಬಲೆ ಹಾಕಿ ತೂಕ ನೋಡುವಾಗ ಬಲೆಯ ಕಣ್ಣಿಗೆ ಮೂತಿ ಸಿಕ್ಕಿ ಕೀಳುತ್ತದೆ. ಸಿಮೆಂಟ್ ತೊಟ್ಟಿಯ ಒರಟು ಗೋಡೆಗೆ ಅಂಟಿದ ಪಾಚಿಯನ್ನು ಕೆರೆದು ತಿನ್ನುವ ಕೋಯಿಯ ತುಟಿ ಸವೆಯುತ್ತದೆ. ಹೀಗೆ ಲೋಳೆ ಹೋದ ಜಾಗ ಬಾಗಿಲು ತೆರೆದಿಟ್ಟ ಮನೆಯಿದ್ದಂತೆ. ನೀರಿನಲ್ಲಿ ಸದಾ ಇರುವ ಸೂಕ್ಷ್ಮಜೀವಿಗಳು ಅಲ್ಲಿಂದಲೇ ಒಳಗೆ ಸೇರುತ್ತವೆ. ಹೀಗಾಗಿ ‘ಕಳೆದ ಹತ್ತು ದಿನಗಳಲ್ಲಿ ಮರಿ ಬಿಟ್ಟಿರಾ, ಬಲೆ ಎಳೆದಿರಾ?’ ಎಂಬ ಪ್ರಶ್ನೆಗೆ ಸಿಗುವ ಉತ್ತರ ಎಷ್ಟೋ ಸಲ ಪ್ರಯೋಗಾಲಯದ ವರದಿಯಷ್ಟೇ ಬೆಲೆಯುಳ್ಳದ್ದು.

ಅಲಂಕಾರದ ಕೊಳಗಳಲ್ಲಿ ಇನ್ನೊಂದು ಬಗೆಯ ಅವಘಡವಿದೆ. ತಳದಲ್ಲಿ ಹರಡಿದ ಬೆಣಚುಕಲ್ಲುಗಳನ್ನು ಬಾಯಿಗೆ ಹಾಕಿ ಉಗುಳುವುದು ಗೋಲ್ಡ್‌ಫಿಶ್‌ನ ಹುಟ್ಟುಗುಣ. ಬಾಯಿಯ ಅಳತೆಗೆ ಸರಿಯಾದ ಕಲ್ಲೊಂದು ಸಿಕ್ಕಿಕೊಂಡರೆ ಅದಕ್ಕೆ ಬಾಯಿ ಮುಚ್ಚಲಾಗುವುದಿಲ್ಲ. ಒಂದೇ ಒಂದು ಮೀನು, ಅದೂ ಇದ್ದಕ್ಕಿದ್ದಂತೆ, ಬಾಯಿ ತೆರೆದೇ ಈಜುತ್ತಿದ್ದರೆ ಮೊದಲು ಇದನ್ನೇ ಸಂಶಯಿಸಬೇಕು. ಒದ್ದೆ ಕೈಯಲ್ಲಿ ಮೀನನ್ನು ಹಿಡಿದು ತಲೆ ಕೆಳಗೆ ಮಾಡಿ, ಗಂಟಲಿನ ಕೆಳಗೆ ಬೆರಳಿನಿಂದ ಹಗುರವಾಗಿ ಮುಂದಕ್ಕೆ ಒತ್ತಿದರೆ ಕಲ್ಲು ಹೊರಬರುವ ಸಾಧ್ಯತೆಯಿದೆ. ಬಲಪ್ರಯೋಗ ಮಾಡಿದರೆ ದವಡೆಯ ಕೀಲು ಜಾರುತ್ತದೆ, ಜಾರಿದ ಕೀಲನ್ನು ಸರಿಪಡಿಸುವುದು ಪಶುವೈದ್ಯರ ಕೆಲಸ.

ಇನ್ನು ಬಿಳುಪಿನ ವಿಷಯ. ಇಲ್ಲಿ ಸ್ವಲ್ಪ ನಿಧಾನವಾಗಿ ಸಾಗಬೇಕು, ಏಕೆಂದರೆ ಅತಿ ಹೆಚ್ಚು ತಪ್ಪು ನಿರ್ಣಯಗಳಾಗುವುದು ಇಲ್ಲಿಯೇ.

ಬಾಯಿಯ ಬಿಳುಪಿಗೆ ಮುಖ್ಯ ಕಾರಣವಾದ ಬ್ಯಾಕ್ಟೀರಿಯಾ ರೋಗದ ಹೆಸರು ಕಾಲಮ್ನಾರಿಸ್. ಅಮೆರಿಕದ ಮಿಸಿಸಿಪಿ ನದಿಯ ಮೀನುಗಳಲ್ಲಿ ಇದನ್ನು ಕಂಡು 1922ರಲ್ಲಿ ಮೊದಲು ವಿವರಿಸಲಾಯಿತು. ಸೂಕ್ಷ್ಮದರ್ಶಕದಡಿ ಗಾಯದ ತುಣುಕನ್ನಿಟ್ಟರೆ ಉದ್ದನೆಯ ಸಪೂರ ಬ್ಯಾಕ್ಟೀರಿಯಾಗಳು ಒಂದರ ಪಕ್ಕ ಒಂದು ನಿಂತು ಕಂಬಗಳಂತೆ, ಹುಲ್ಲಿನ ಬಣವೆಗಳಂತೆ ಗುಂಪುಗೂಡುವುದು ಕಾಣುತ್ತದೆ. ಹೆಸರು ಬಂದದ್ದು ಆ ಕಂಬಗಳಿಂದ. ಬಹಳ ಕಾಲ ಇದಕ್ಕೆ ಫ್ಲೇವೊಬ್ಯಾಕ್ಟೀರಿಯಂ ಕಾಲಮ್ನಾರೆ ಎಂಬ ಒಂದೇ ಪ್ರಭೇದ ಕಾರಣವೆಂದು ತಿಳಿಯಲಾಗಿತ್ತು. 2022ರಲ್ಲಿ ವಿಜ್ಞಾನಿಗಳು ಅದನ್ನು ನಾಲ್ಕು ಪ್ರಭೇದಗಳಾಗಿ ವಿಂಗಡಿಸಿದ್ದಾರೆ. ಸಾಕುವವರಿಗೆ ಬೇಕಾದ ಸಂಗತಿಯೆಂದರೆ, ನೀರು ಬೆಚ್ಚಗಾದಷ್ಟೂ ಇದರ ಆರ್ಭಟ ಹೆಚ್ಚು. ನೀರಿನ ಉಷ್ಣಾಂಶ 25ರಿಂದ 32 ಡಿಗ್ರಿ ಸೆಲ್ಸಿಯಸ್‌ನಷ್ಟಿರುವಾಗ, ಎಂದರೆ ನಮ್ಮ ಬಯಲುಸೀಮೆಯ ಹೊಂಡಗಳು ಮಾರ್ಚ್‌ನಿಂದ ಜೂನ್‌ವರೆಗೆ ಇರುವ ಸ್ಥಿತಿಯಲ್ಲಿ, ರೋಗ ವೇಗವಾಗಿ ಹರಡುತ್ತದೆ. ಉಗ್ರ ತಳಿಯಾದರೆ ಲಕ್ಷಣ ಕಂಡ ಒಂದೆರಡು ದಿನಗಳಲ್ಲೇ ಮೀನು ಸಾಯುತ್ತದೆ.

ನೋಟದಲ್ಲಿ ಇದು ಹೀಗಿರುತ್ತದೆ: ತುಟಿಯ ಅಂಚಿನಲ್ಲಿ, ಬಾಯಿಯ ಮೂಲೆಯಲ್ಲಿ ಮಾಸಲು ಬಿಳಿಯ ಅಥವಾ ಹಳದಿ ಛಾಯೆಯ, ಚರ್ಮಕ್ಕೆ ಅಂಟಿಕೊಂಡ ಚಪ್ಪಟೆ ಪದರ. ಅದರ ಸುತ್ತ ಕೆಲವೊಮ್ಮೆ ಕೆಂಪು ಅಂಚು. ಒಂದೆರಡು ದಿನಗಳಲ್ಲಿ ತುಟಿ ಕರಗಿದಂತಾಗಿ ದವಡೆಯ ಮೂಳೆ ಕಾಣತೊಡಗುತ್ತದೆ. ಜೊತೆಯಲ್ಲಿ ಬೆನ್ನಿನ ಈಜುರೆಕ್ಕೆಯ ಸುತ್ತ ಜೀನು ಹಾಕಿದಂತೆ ಬಿಳಿಚಿದ ಪಟ್ಟಿ ಕಾಣಿಸಬಹುದು, ಕಿವಿರುಗಳ ತುದಿಯಲ್ಲಿ ಹಳದಿ ಮಿಶ್ರಿತ ಕಂದು ಬಣ್ಣದ ಕೊಳೆತ ಭಾಗಗಳಿರಬಹುದು. ಬಾಯಿಯ ಬಿಳುಪಿನ ಜೊತೆ ಈ ಎರಡರಲ್ಲಿ ಒಂದು ಕಂಡರೂ ಕಾಲಮ್ನಾರಿಸ್ ಎಂಬ ಸಂಶಯ ಬಲವಾಗುತ್ತದೆ. ಒಂದಲ್ಲ, ಅನೇಕ ಮೀನುಗಳಿಗೆ ಏಕಕಾಲಕ್ಕೆ ತಗಲುವುದೂ ಇದರ ಗುರುತೇ.

ನಿಜವಾದ ಹತ್ತಿಯಂತಹ ಬೂಷ್ಟು ಬೇರೆ. ಅದಕ್ಕೆ ಸಾಪ್ರೊಲೆಗ್ನಿಯಾ ಎಂಬ ಜಲಬೂಷ್ಟು ಕಾರಣ. ಅದೂ ಕಟ್ಟುನಿಟ್ಟಾದ ಅರ್ಥದಲ್ಲಿ ಶಿಲೀಂಧ್ರವಲ್ಲವೆಂದು, ಅದರಂತೆ ಕಾಣುವ ಬೇರೊಂದು ಜೀವಿವರ್ಗವೆಂದು ಈಗ ತಿಳಿದಿದೆ. ಅದರ ಎಳೆಗಳಿಗೆ ಉದ್ದವಿದೆ. ಮೀನು ನೀರಿನಲ್ಲಿದ್ದಾಗ ಎಳೆಗಳು ಬಿಡಿಬಿಡಿಯಾಗಿ ನಿಂತು ನೀರಿನ ಚಲನೆಗೆ ತೂಗುತ್ತವೆ, ಮೀನನ್ನು ಮೇಲೆತ್ತಿದರೆ ಒದ್ದೆ ಹತ್ತಿಯಂತೆ ಕುಸಿದು ಅಂಟಿಕೊಳ್ಳುತ್ತವೆ. ಮೇಲೆತ್ತಿ ನೋಡಿದವರಿಗೆ ಎರಡೂ ರೋಗಗಳು ಒಂದೇ ತೆರನಾಗಿ ಕಾಣುವುದು ಇದರಿಂದಲೇ; ಆದ್ದರಿಂದ ಮೀನನ್ನು ಬಿಳಿ ಬಕೆಟ್ಟಿನ ತಿಳಿನೀರಿನಲ್ಲಿ ಬಿಟ್ಟು ನೋಡಬೇಕೆಂದು ನಾನು ಮತ್ತೆ ಮತ್ತೆ ಹೇಳುತ್ತೇನೆ. ಜಲಬೂಷ್ಟು ಕೆಸರು ಹಿಡಿದು ಕಂದಾಗಬಹುದು, ಪಾಚಿ ಹಿಡಿದು ಹಸಿರಾಗಬಹುದು. ಅದು ಚಳಿಗಾಲದ ತಣ್ಣೀರಿನಲ್ಲಿ ಹೆಚ್ಚು, ಬಲಹೀನವಾದ ಒಂದೊಂದು ಮೀನಿಗೆ ಮಾತ್ರ ಹಿಡಿಯುವುದು ಹೆಚ್ಚು, ಮತ್ತು ಸಾಮಾನ್ಯವಾಗಿ ಹಳೆಯ ಗಾಯದ ಮೇಲೆಯೇ ಬೇರೂರುವಂತಹದು. ಅದರ ಅಡಿಯಲ್ಲಿ ಬ್ಯಾಕ್ಟೀರಿಯಾದ ಹುಣ್ಣು ಅಡಗಿರುವುದೂ ಅಪರೂಪವಲ್ಲ. ಸತ್ತ ಮೀನಿನ ಮೈಮೇಲಂತೂ ಬೂಷ್ಟು ಬಹು ಬೇಗ ಬೆಳೆಯುತ್ತದೆ, ಆದ್ದರಿಂದ ತೇಲುತ್ತಿರುವ ಹಳೆಯ ಹೆಣವನ್ನು ನೋಡಿ ಹೊಂಡದ ರೋಗವನ್ನು ನಿರ್ಣಯಿಸುವುದು ಸಲ್ಲದು.

ಮೂರನೆಯದಾಗಿ ಪರಾವಲಂಬಿಗಳು. ಲಂಗರು ಹುಳು ಎಂದು ಕರೆಯುವ ಲೆರ್ನಿಯಾ ನಿಜವಾಗಿ ಹುಳುವಲ್ಲ, ಸಿಗಡಿಯ ದೂರದ ಬಂಧು. ಅದರ ಹೆಣ್ಣು ಮಾತ್ರ ಲಂಗರಿನಂತಹ ತಲೆಯನ್ನು ಮೀನಿನ ಮಾಂಸದೊಳಗೆ ಊರಿ, ಬಿಳಿಯ ದಾರದ ತುಂಡಿನಂತೆ ಹೊರಗೆ ನೇತಾಡುತ್ತದೆ. ಬಾಲದ ತುದಿಯಲ್ಲಿ ಎರಡು ಮೊಟ್ಟೆಚೀಲಗಳಿರುತ್ತವೆ. ಭದ್ರೆಯ ಹೆಸರನ್ನೇ ಹೊತ್ತ ಲೆರ್ನಿಯಾ ಪ್ರಭೇದವೊಂದು ಇರುವುದರಿಂದ ಇದು ನಮ್ಮ ನಾಡಿನ ನೀರಿಗೆ ಹೊಸಬರೇನಲ್ಲವೆಂದು ತಿಳಿಯುತ್ತದೆ. ಇದು ತುಟಿಯಲ್ಲಷ್ಟೇ ಅಲ್ಲದೆ ಬಾಯಿಯ ಒಳಗಿನ ಮೇಲ್ಭಾಗದಲ್ಲಿಯೂ ನೆಲೆಸುವುದರಿಂದ ಹೊರಗಿನಿಂದ ನೋಡಿ ‘ಏನೂ ಇಲ್ಲ’ ಎನ್ನುವಂತಿಲ್ಲ. ಮೀನು ಹೇನು ಎನಿಸಿಕೊಳ್ಳುವ ಆರ್ಗ್ಯುಲಸ್ ಅರ್ಧ ಸೆಂಟಿಮೀಟರಿನಷ್ಟು ಅಗಲದ ಪಾರದರ್ಶಕ ಬಿಲ್ಲೆಯಂತಿದ್ದು, ಬೆರಳು ತಾಕಿಸಿದರೆ ಜರುಗುತ್ತದೆ. ಅದು ಚುಚ್ಚಿದ ಕಡೆಯಲ್ಲೆಲ್ಲ ಕೆಂಪು ಚುಕ್ಕೆ ಉಳಿದು, ಮುಂದೆ ಅಲ್ಲಿಂದಲೇ ಹುಣ್ಣು ಶುರುವಾಗುತ್ತದೆ.

ಉಳಿದವುಗಳನ್ನು ಚುಟುಕಾಗಿ ಹೇಳಬಹುದು. ಏರೋಮೊನಾಸ್ ಎಂಬ ಬ್ಯಾಕ್ಟೀರಿಯಾ ಬಾಯಿಯ ಸುತ್ತ ಕೆಂಪನೆಯ ಆಳವಾದ ಹುಣ್ಣನ್ನು ಉಂಟುಮಾಡುತ್ತದೆ. ಮೈಮೇಲೆಯೂ ಅಂತಹ ಹುಣ್ಣುಗಳಿರುತ್ತವೆ. 1988ರಲ್ಲಿ ಈಶಾನ್ಯ ಭಾರತದ ಮೂಲಕ ದೇಶವನ್ನು ಹೊಕ್ಕ ಸಾಂಕ್ರಾಮಿಕ ಹುಣ್ಣುರೋಗಕ್ಕೆ ಅಫನೊಮೈಸಿಸ್ ಎಂಬ ಜಲಬೂಷ್ಟು ಕಾರಣ. ಅದು ಕೊರವದಂತಹ ನಾಟಿ ಮೀನುಗಳಲ್ಲಿ ತಲೆ ಮತ್ತು ಮೂತಿಯನ್ನು ಕೊರೆಯುವಷ್ಟು ಉಗ್ರವಾಗಬಲ್ಲುದು; ಭುವನೇಶ್ವರದ ಕೇಂದ್ರೀಯ ಸಿಹಿನೀರು ಜಲಕೃಷಿ ಸಂಸ್ಥೆ ರೂಪಿಸಿದ ಸಿಫ್ಯಾಕ್ಸ್ ಎಂಬ ದ್ರಾವಣವನ್ನು ಅದಕ್ಕೆಂದೇ, ಒಂದು ಮೀಟರ್ ಆಳದ ಒಂದು ಹೆಕ್ಟೇರ್ ನೀರಿಗೆ ಒಂದು ಲೀಟರಿನಂತೆ ಬಳಸುತ್ತಾರೆ. ಅಂತರ್ಜಾಲದಲ್ಲಿ ಹುಡುಕುವವರಿಗೆ ‘ಕೆಂಬಾಯಿ ರೋಗ’ ಎಂಬ ಅರ್ಥದ ಹೆಸರೊಂದು ಬೇಗ ಸಿಗುತ್ತದೆ. ಅದು ಮುಖ್ಯವಾಗಿ ತಣ್ಣೀರಿನ ಟ್ರೌಟ್ ಮೀನಿನ ರೋಗ, ನಮ್ಮ ಹೊಂಡದ ಗೆಂಡೆಯ ಬಾಯಿ ಕೆಂಪಾದರೆ ಅದನ್ನು ನೆನೆಯಬೇಕಾದ ಅಗತ್ಯವಿಲ್ಲ. ಕೋಯಿಯ ತುಟಿಯ ಮೇಲೆ ಕರಗಿದ ಮೇಣದ ಹನಿಯಂತಹ, ನುಣುಪಾದ, ಗಟ್ಟಿ ಗುಳ್ಳೆಗಳು ಚಳಿಗಾಲದಲ್ಲಿ ಎದ್ದು ಬೇಸಿಗೆಯಲ್ಲಿ ಮಾಯವಾದರೆ ಅದು ಕಾರ್ಪ್ ಪಾಕ್ಸ್ ಎಂಬ ವೈರಾಣುವಿನ ತೊಂದರೆ. ಅದಕ್ಕೆ ಔಷಧಿಯಿಲ್ಲ, ಸಾಮಾನ್ಯವಾಗಿ ಔಷಧಿಯ ಅಗತ್ಯವೂ ಇಲ್ಲ. ಹುಟ್ಟಿನಿಂದಲೇ ಸೊಟ್ಟಗಿರುವ ದವಡೆ, ಒಳಸರಿದ ಮೂತಿ ಊನಗಳೇ ಹೊರತು ರೋಗಗಳಲ್ಲ. ಆದರೆ ಒಂದು ತಂಡದ ಬಹಳಷ್ಟು ಮರಿಗಳಲ್ಲಿ ಅವು ಕಂಡರೆ ಮರಿ ತಂದ ಮೂಲವನ್ನೂ ಮೇವನ್ನೂ ವಿಚಾರಿಸಬೇಕು.

ಪರೀಕ್ಷಿಸುವ ಕ್ರಮವೂ ಮುಖ್ಯ. ಮೊದಲು ನೀರು: ಉಷ್ಣಾಂಶ, ಕರಗಿದ ಆಮ್ಲಜನಕ, ಪಿಎಚ್, ಅಮೋನಿಯಾ. ಬಳಿಕ ಬದುಕಿರುವ, ಲಕ್ಷಣ ಸ್ಪಷ್ಟವಾಗಿ ಕಾಣುವ ನಾಲ್ಕೈದು ಮೀನುಗಳನ್ನು ಗಂಟಿಲ್ಲದ ಮೆದು ಕೈಬಲೆಯಲ್ಲಿ ಹಿಡಿಯಬೇಕು. ಕೈ ಒದ್ದೆಯಾಗಿರಬೇಕು, ಒಣ ಕೈ ಮುಟ್ಟಿದಲ್ಲೆಲ್ಲ ಲೋಳೆ ಕಿತ್ತುಬರುತ್ತದೆ. ತಿಳಿನೀರಿನಲ್ಲಿ ಬಿಟ್ಟು ನೋಡಿದ ಮೇಲೆ, ಒದ್ದೆ ಹತ್ತಿ ಸುತ್ತಿದ ಕಡ್ಡಿಯಿಂದ ಬಾಯಿಯನ್ನು ಮೆಲ್ಲಗೆ ತೆರೆದು, ಟಾರ್ಚ್ ಬೆಳಕಿನಲ್ಲಿ ಅಂಗುಳನ್ನೂ ಗಂಟಲಿನ ಬಾಯನ್ನೂ ಭೂತಗನ್ನಡಿಯಿಂದ ನೋಡಬೇಕು. ಕಿವಿರು ಮುಚ್ಚಳವನ್ನು ಎತ್ತಿ ಕಿವಿರುಗಳ ಬಣ್ಣ ನೋಡಬೇಕು. ದೊಡ್ಡ ಕೋಯಿಯನ್ನು ಹೀಗೆ ಹಿಡಿದಿಡುವುದು ಕಷ್ಟ. ಅದಕ್ಕೆ ಲವಂಗದ ಎಣ್ಣೆಯಿಂದ ಮಂಪರು ಬರಿಸುವ ರೂಢಿಯಿದೆ. ಒಂದು ಲೀಟರ್ ನೀರಿಗೆ ಸುಮಾರು ಒಂದು ಹನಿಯಂತೆ ಲೆಕ್ಕಹಾಕಿ, ಎಣ್ಣೆಯನ್ನು ಮೊದಲು ಮುಚ್ಚಳವಿರುವ ಬಾಟಲಿಯ ಬೆಚ್ಚನೆಯ ನೀರಿನಲ್ಲಿ ಚೆನ್ನಾಗಿ ಕುಲುಕಿ ಬೆರೆಸಿ, ಬಳಿಕ ತೊಟ್ಟಿಗೆ ಹಾಕಬೇಕು. ಕಿವಿರಿನ ಚಲನೆ ನಿಂತಂತೆ ಕಂಡರೆ ತಕ್ಷಣ ಗಾಳಿಯಾಡುವ ತಿಳಿನೀರಿಗೆ ಬಿಡಬೇಕು. ನಾವು ತಿನ್ನುವ ಮೀನಿಗೆ ಈ ಕ್ರಮ ಬೇಡ.

ಕಣ್ಣಿನ ನೋಟ ಸಂಶಯವನ್ನು ಕೊಡುತ್ತದೆ, ನಿರ್ಣಯ ಸಿಗುವುದು ಸೂಕ್ಷ್ಮದರ್ಶಕದಿಂದ. ಬಿಳುಪಿನ ಅಂಚಿನಿಂದ ಚೂರು ಕೆರೆದು, ಗಾಜಿನ ಪಟ್ಟಿಯ ಮೇಲೆ ಹೊಂಡದ ನೀರಿನ ಹನಿಯಲ್ಲಿಟ್ಟು ನಾನೂರು ಪಟ್ಟು ಹಿಗ್ಗಿಸಿ ನೋಡಿದರೆ, ಕವಲೊಡೆದ ದಪ್ಪ ಕೊಳವೆಗಳು ಕಂಡರೆ ಜಲಬೂಷ್ಟು, ನಿಧಾನವಾಗಿ ಜಾರುತ್ತಾ ಬಣವೆಕಟ್ಟುವ ಸಪೂರ ಕಡ್ಡಿಗಳು ಕಂಡರೆ ಕಾಲಮ್ನಾರಿಸ್. ಹತ್ತು ನಿಮಿಷದ ಈ ಕೆಲಸ ಇಡೀ ಹೊಂಡದ ಮೀನನ್ನು ಉಳಿಸಬಲ್ಲುದು. 1969ರಲ್ಲಿ ಆರಂಭವಾದ ಮಂಗಳೂರಿನ ಮೀನುಗಾರಿಕೆ ಮಹಾವಿದ್ಯಾಲಯ, ಬೆಂಗಳೂರಿನ ಹೆಸರಘಟ್ಟದಲ್ಲಿರುವ ಸಿಹಿನೀರು ಜಲಕೃಷಿ ಸಂಸ್ಥೆಯ ಪ್ರಾದೇಶಿಕ ಕೇಂದ್ರ, ಹತ್ತಿರದ ಕೃಷಿ ವಿಜ್ಞಾನ ಕೇಂದ್ರ ಮತ್ತು ತಾಲ್ಲೂಕಿನ ಮೀನುಗಾರಿಕೆ ಇಲಾಖೆಯ ಕಚೇರಿ, ಇವು ಸಲಹೆ ಕೇಳಬಹುದಾದ ಜಾಗಗಳು. ಒಯ್ಯುವುದಾದರೆ ಆಮ್ಲಜನಕ ತುಂಬಿದ ಚೀಲದಲ್ಲಿ ಜೀವಂತ ಮೀನನ್ನೇ ಒಯ್ಯಬೇಕು. ಆಗದಿದ್ದರೆ ಆಗತಾನೆ ಸತ್ತದ್ದನ್ನು ಮಂಜುಗಡ್ಡೆಯ ಮೇಲಿಟ್ಟು ಒಯ್ಯಬಹುದು, ಫ್ರೀಜರ್‌ನಲ್ಲಿ ಗಟ್ಟಿಯಾಗಿಸಿದ ಮೀನಿನಿಂದ ಹೆಚ್ಚು ತಿಳಿಯುವುದಿಲ್ಲ.

ಚಿಕಿತ್ಸೆಯಲ್ಲಿ ಬಾಯಿಯ ರೋಗಕ್ಕೇ ವಿಶೇಷವಾದ ಒಂದು ಕಷ್ಟವಿದೆ. ಬ್ಯಾಕ್ಟೀರಿಯಾಕ್ಕೆ ಪರಿಣಾಮಕಾರಿಯಾದ ಔಷಧಿಗಳನ್ನು ಮೇವಿನಲ್ಲಿ ಬೆರೆಸಿ ಕೊಡಬೇಕು, ಆದರೆ ಬಾಯಿ ಹುಣ್ಣಾದ ಮೀನು ಮೇವನ್ನು ಮುಟ್ಟುವುದಿಲ್ಲ. ಹೀಗಾಗಿ ಔಷಧಿಯ ಮೇವನ್ನು ತಿನ್ನುವವು ಆರೋಗ್ಯವಂತ ಮೀನುಗಳು. ರೋಗಿಗಳಿಗೆ ಅದು ತಲುಪುವುದೇ ಇಲ್ಲ. ಮೇವಿನ ಔಷಧಿಯಿಂದ ರೋಗ ಹರಡುವುದನ್ನು ತಡೆಯಬಹುದೇ ಹೊರತು, ತುಟಿ ಕರಗಿದ ಮೀನನ್ನು ಉಳಿಸಲಾಗುವುದಿಲ್ಲ. ಆದ್ದರಿಂದ ರೋಗವನ್ನು ಮೊದಲ ದಿನವೇ ಗುರುತಿಸುವುದಕ್ಕೆ ಇಷ್ಟು ಒತ್ತು ಕೊಡುತ್ತಿದ್ದೇನೆ. ಆಕ್ಸಿಟೆಟ್ರಾಸೈಕ್ಲಿನ್, ಫ್ಲಾರ್‌ಫೆನಿಕಾಲ್‌ಗಳಂತಹ ಪ್ರತಿಜೀವಕಗಳನ್ನು ಪಶುವೈದ್ಯರ ಅಥವಾ ಮೀನುಗಾರಿಕೆ ತಜ್ಞರ ಲಿಖಿತ ಸಲಹೆಯಿಲ್ಲದೆ ಬಳಸಲೇಬಾರದು, ಬಳಸಿದರೆ ಹೇಳಿದಷ್ಟು ದಿನ ಪೂರ್ತಿ ಕೊಡಬೇಕು, ಆಮೇಲೆ ಅವರು ಸೂಚಿಸಿದ ಅವಧಿ ಮುಗಿಯುವವರೆಗೆ ಮೀನನ್ನು ಮಾರಬಾರದು. ಕ್ಲೋರಾಂಫೆನಿಕಾಲ್ ಮತ್ತು ನೈಟ್ರೋಫ್ಯುರಾನ್‌ಗಳು ಆಹಾರದ ಮೀನಿಗೆ ನಿಷಿದ್ಧ. ಬೂಷ್ಟಿಗೆಂದು ಹಿಂದೆ ಬಳಕೆಯಲ್ಲಿದ್ದ ಮಲಕೈಟ್ ಗ್ರೀನ್ ತಿನ್ನುವವರ ಆರೋಗ್ಯಕ್ಕೆ ಅಪಾಯಕಾರಿ. ‘ಹಸಿರು ಔಷಧಿ’ ಎಂದು ಯಾರಾದರೂ ಕೊಟ್ಟರೆ ಅದನ್ನು ತಿನ್ನುವ ಮೀನಿನ ಹತ್ತಿರ ತರಬಾರದು.

ಹೊಂಡದ ನೀರಿಗೇ ಹಾಕುವ ಔಷಧಿಗಳಲ್ಲಿ ಪೊಟ್ಯಾಸಿಯಂ ಪರ್ಮಾಂಗನೇಟ್ ಹಳೆಯದು ಮತ್ತು ಉಪಯುಕ್ತವಾದದ್ದು. ಇದು ಮೀನಿನ ಹೊರಮೈಯ ಬ್ಯಾಕ್ಟೀರಿಯಾವನ್ನೂ ಬೂಷ್ಟನ್ನೂ ಸುಡುತ್ತದೆ, ಪ್ರಮಾಣ ಮೀರಿದರೆ ಕಿವಿರನ್ನೂ ಸುಡುತ್ತದೆ. ಲೀಟರಿಗೆ 2 ಮಿಲಿಗ್ರಾಂ, ಎಂದರೆ ಒಂದು ಘನ ಮೀಟರ್ ನೀರಿಗೆ 2 ಗ್ರಾಂ, ಆರಂಭದ ಪ್ರಮಾಣ. ಲೆಕ್ಕ ತಪ್ಪುವುದು ಹೊಂಡದ ಅಳತೆಯಲ್ಲಿ. 21 ಮೀಟರ್ ಉದ್ದ, 21 ಮೀಟರ್ ಅಗಲ, 3 ಮೀಟರ್ ಆಳದ ಕೃಷಿಹೊಂಡವನ್ನು ತೆಗೆದುಕೊಳ್ಳೋಣ. ಮೂರನ್ನೂ ಗುಣಿಸಿದರೆ 1323 ಘನ ಮೀಟರ್ ಬರುತ್ತದೆ. ಆದರೆ ಹೊಂಡದ ಬದಿಗಳು ಇಳಿಜಾರಾಗಿವೆ. ಒಂದು ಮೀಟರ್ ಆಳಕ್ಕೆ ಒಂದೂವರೆ ಮೀಟರ್ ಒಳಸರಿದಿದ್ದರೆ ತಳದ ಉದ್ದಗಲ ಬರಿಯ 12 ಮೀಟರ್, ಹೊಂಡ ತುಂಬಿದಾಗಲೂ ಅದರಲ್ಲಿರುವ ನೀರು 837 ಘನ ಮೀಟರ್. ಬೇಸಿಗೆಯಲ್ಲಿ ನೀರು ಇಳಿದು ಎರಡು ಮೀಟರ್ ಆಳಕ್ಕೆ ಬಂದಿದ್ದರೆ ಉಳಿದಿರುವುದು 456 ಘನ ಮೀಟರ್ ಮಾತ್ರ. ಈ ನೀರಿಗೆ ಬೇಕಾದ ಔಷಧಿ 912 ಗ್ರಾಂ. ಮೊದಲಿನ ಲೆಕ್ಕವನ್ನು ನಂಬಿ ಎರಡು ಕಿಲೋ 646 ಗ್ರಾಂ ಹಾಕಿದರೆ ಬೇಕಾದದ್ದಕ್ಕಿಂತ ಸುಮಾರು ಮೂರು ಪಟ್ಟು ಹಾಕಿದಂತಾಯಿತು. ‘ಔಷಧಿ ಹಾಕಿದ ಮೇಲೆಯೇ ಮೀನು ಸತ್ತವು’ ಎಂಬ ದೂರಿನ ಹಿಂದೆ ಇಂತಹ ಲೆಕ್ಕದ ತಪ್ಪೂ ಇರಬಹುದೆಂಬುದನ್ನು ಮರೆಯಬಾರದು.

ಹರಳುಗಳನ್ನು ನೇರವಾಗಿ ಎಸೆಯದೆ, ಬಕೆಟ್ಟಿನಲ್ಲಿ ಪೂರ್ತಿ ಕರಗಿಸಿ, ಹೊಂಡದ ಎಲ್ಲ ಕಡೆಗೂ ಸಮನಾಗಿ ಚಿಮುಕಿಸಬೇಕು. ಬೆಳಗಿನಲ್ಲಿ ಹಾಕಿ ದಿನವಿಡೀ ಬಣ್ಣವನ್ನು ಗಮನಿಸುತ್ತಿರಬೇಕು: ತಿಳಿ ನೇರಳೆ ಬಣ್ಣ ಎಂಟು ಗಂಟೆಗಿಂತ ಹೆಚ್ಚು ಹೊತ್ತು ನಿಂತರೆ ಔಷಧಿ ಕೆಲಸ ಮಾಡಿದೆ, ಒಂದೆರಡು ಗಂಟೆಗಳಲ್ಲೇ ಕಂದಾದರೆ ನೀರಿನಲ್ಲಿದ್ದ ಕೊಳೆಯೇ ಅದನ್ನು ತಿಂದುಹಾಕಿದೆ. ಆಗ ಕೂಡಲೇ ಇನ್ನಷ್ಟು ಸುರಿಯುವುದಕ್ಕಿಂತ ತಜ್ಞರನ್ನು ಕೇಳಿ ಮುಂದುವರಿಯುವುದು ಕ್ಷೇಮ. ಔಷಧಿಯಿಂದ ಪಾಚಿಯೂ ಸತ್ತು ಆ ರಾತ್ರಿ ಆಮ್ಲಜನಕ ಕುಸಿಯಬಹುದು, ಆದ್ದರಿಂದ ಏರೇಟರ್ ಸಿದ್ಧವಿರಬೇಕು. ಫಾರ್ಮಲಿನ್‌ನೊಂದಿಗೆ ಇದನ್ನು ಎಂದೂ ಬೆರೆಸಬಾರದು.

ಉಪ್ಪು ಎಲ್ಲರಿಗೂ ಗೊತ್ತಿರುವ ಮದ್ದು, ಒಳ್ಳೆಯ ಮದ್ದೂ ಹೌದು. ಆದರೆ ಅದರ ಜಾಗ ಡ್ರಮ್ಮು ಮತ್ತು ತೊಟ್ಟಿ, ಕೃಷಿಹೊಂಡವಲ್ಲ. ಮೇಲೆ ಹೇಳಿದ 456 ಘನ ಮೀಟರ್ ನೀರಿಗೆ ಲೀಟರಿಗೆ 3 ಗ್ರಾಂನಂತೆ ಉಪ್ಪು ಹಾಕುವುದಾದರೆ 1368 ಕಿಲೋ ಬೇಕು. ಆ ನೀರು ನಾಳೆ ಹೊಲಕ್ಕೆ ಹರಿಯುವುದರಿಂದ ಮೀನಿನ ಬಾಯಿಯನ್ನು ಉಳಿಸಲು ಹೋಗಿ ಮಣ್ಣನ್ನು ಕೆಡಿಸಿದಂತಾಗುತ್ತದೆ. ಬದಲಿಗೆ ಹತ್ತು ಲೀಟರ್ ನೀರಿಗೆ ನೂರು ಗ್ರಾಂ ಕಲ್ಲುಪ್ಪು ಕರಗಿಸಿ, ರೋಗ ತಗಲಿದ ಮೀನುಗಳನ್ನು ಐದರಿಂದ ಹತ್ತು ನಿಮಿಷ ಅದರಲ್ಲಿಟ್ಟು, ಮೀನು ಮಗ್ಗುಲಾದ ಕೂಡಲೇ ತೆಗೆಯಬೇಕು. ಹೊಸ ಮರಿಗಳನ್ನು ಹೊಂಡಕ್ಕೆ ಬಿಡುವ ಮೊದಲು ಇಂತಹ ಉಪ್ಪುನೀರಿನ ಸ್ನಾನ ಮಾಡಿಸುವುದು, ಸಾಗಣೆಯಲ್ಲಿ ಆದ ಮೂತಿಯ ಗಾಯಗಳು ಹುಣ್ಣಾಗದಂತೆ ತಡೆಯುವ ಅಗ್ಗದ ಉಪಾಯ. ಅಂಗಳದ ಕೊಳದ ಕೋಯಿಗಾದರೆ ಬೇರೆ ತೊಟ್ಟಿಯಲ್ಲಿ ಲೀಟರಿಗೆ 3 ಗ್ರಾಂ ಉಪ್ಪಿನ ನೀರಿನಲ್ಲಿ ಕೆಲವು ದಿನ ಇಡಬಹುದು. ಗಾಯವನ್ನು ನೀರಿನಿಂದ ಮೇಲೆತ್ತಿ, ನೀರು ಬೆರೆಸಿ ತೆಳುವಾಗಿಸಿದ ಪೊವಿಡೋನ್ ಅಯೋಡಿನ್ನನ್ನು ಹತ್ತಿಯಿಂದ ಸವರಬಹುದು, ಅದು ಕಣ್ಣಿಗೂ ಕಿವಿರಿಗೂ ತಾಗದಂತೆ ನೋಡಿಕೊಳ್ಳಬೇಕು.

ಲಂಗರು ಹುಳುವಿನ ವಿಷಯದಲ್ಲಿ ತಾಳ್ಮೆಯೇ ಚಿಕಿತ್ಸೆಯ ಅರ್ಧ ಭಾಗ. ಚರ್ಮದೊಳಗೆ ಊರಿದ ಹೆಣ್ಣನ್ನು ನೀರಿಗೆ ಹಾಕುವ ಔಷಧಿಗಳು ಸುಲಭವಾಗಿ ಕೊಲ್ಲುವುದಿಲ್ಲ, ಅವು ಕೊಲ್ಲುವುದು ನೀರಿನಲ್ಲಿ ಈಜುತ್ತಿರುವ ಮರಿಗಳನ್ನು. ಬೆಚ್ಚನೆಯ ನೀರಿನಲ್ಲಿ ಅದರ ಜೀವನಚಕ್ರ ಸುಮಾರು ಮೂರು ವಾರಗಳದ್ದಾಗಿರುವುದರಿಂದ ಒಂದು ಸಲದ ಚಿಕಿತ್ಸೆ ಸಾಲದು, ತಜ್ಞರು ಹೇಳಿದ ಅಂತರದಲ್ಲಿ ಮೂರು ನಾಲ್ಕು ಸಲ ಮಾಡಬೇಕಾಗುತ್ತದೆ. ಒಂದೆರಡು ಕೋಯಿಗಳಾದರೆ ಚಿಮುಟದಿಂದ ಚರ್ಮಕ್ಕೆ ಹತ್ತಿರ ಹಿಡಿದು ನೇರವಾಗಿ ಎಳೆದು ಗಾಯಕ್ಕೆ ಅಯೋಡಿನ್ ಹಚ್ಚಬಹುದು. ಮೀನು ಹೇನು ಮೊಟ್ಟೆಯಿಡಲು ಮೀನನ್ನು ಬಿಟ್ಟು ಗಟ್ಟಿ ವಸ್ತುಗಳನ್ನು ಹುಡುಕುತ್ತದೆ; ಬಿದಿರಿನ ಗಳುಗಳನ್ನೋ ಮರದ ಹಲಗೆಗಳನ್ನೋ ಹೊಂಡದಲ್ಲಿ ಊರಿ, ಕೆಲವು ದಿನಗಳಿಗೊಮ್ಮೆ ಮೇಲೆತ್ತಿ ಬಿಸಿಲಿನಲ್ಲಿ ಒಣಗಿಸಿದರೆ ಮೊಟ್ಟೆಗಳು ಸಾಯುತ್ತವೆ. ಕೀಟನಾಶಕಗಳನ್ನು ಸುರಿಯುವುದಕ್ಕಿಂತ ಇದನ್ನು ಮೊದಲು ಮಾಡುವುದು ಉತ್ತಮವೆಂದು ನಾನು ನಂಬಿದ್ದೇನೆ.

ಚಿಕಿತ್ಸೆಯ ದಿನಗಳಲ್ಲಿ ಮೇವನ್ನು ಅರ್ಧಕ್ಕಿಂತ ಕಡಿಮೆ ಮಾಡಬೇಕು. ತಿನ್ನದೆ ಉಳಿದ ಮೇವು ಕೊಳೆತು ಅಮೋನಿಯಾವನ್ನು ಹೆಚ್ಚಿಸುತ್ತದೆ. ದೊಡ್ಡ ಗೆಂಡೆ ಕೆಲವು ದಿನ ಉಪವಾಸವಿದ್ದರೆ ಸಾಯುವುದಿಲ್ಲ. ಸತ್ತ ಮೀನುಗಳನ್ನು ದಿನಕ್ಕೆ ಎರಡು ಸಲ ತೆಗೆದು ಸುಣ್ಣ ಹಾಕಿ ಹೂಳಬೇಕು, ಆ ಹೊಂಡದಲ್ಲಿ ಬಳಸಿದ ಬಲೆಯನ್ನು ಬಿಸಿಲಿನಲ್ಲಿ ಪೂರ್ತಿ ಒಣಗಿಸದೆ ಇನ್ನೊಂದು ಹೊಂಡಕ್ಕೆ ಒಯ್ಯಬಾರದು. ಗುಣವಾಗುತ್ತಿರುವ ಬಾಯಿಯನ್ನು ಗುರುತಿಸುವುದು ಕಷ್ಟವಲ್ಲ: ಬಿಳುಪಿನ ಅಂಚು ಮುಂದುವರಿಯುವುದು ನಿಂತು, ಕೆಂಪು ತಗ್ಗಿ, ಹುಣ್ಣಿನ ಮೇಲೆ ತೆಳುವಾದ ಹೊಸ ಚರ್ಮ ಬರುತ್ತದೆ, ಅದು ಕೆಲವೊಮ್ಮೆ ಕಪ್ಪಗಿರುತ್ತದೆ, ಅದಕ್ಕೆ ಅಂಜಬೇಕಾಗಿಲ್ಲ. ಮೀನು ಮೇವಿನ ಹತ್ತಿರ ಬಂದು ಬಾಯಿಗೆ ತೆಗೆದುಕೊಂಡು ಉಗುಳದೆ ನುಂಗತೊಡಗಿದ ದಿನದಿಂದ ಮೇವನ್ನು ಮೆತ್ತಗೆ ನೆನೆಸಿ, ಸ್ವಲ್ಪಸ್ವಲ್ಪವೇ ಹೆಚ್ಚಿಸುತ್ತಾ ಹೋಗಬಹುದು. ದವಡೆಯ ಮೂಳೆಯೇ ಹೋಗಿರುವ ಮೀನು ಮಾತ್ರ ಮತ್ತೆ ಬೆಳೆಯುವುದಿಲ್ಲ; ಅದನ್ನು ಹೊಂಡದಲ್ಲಿ ಉಳಿಸಿಕೊಳ್ಳದೆ, ನರಳದಂತೆ ಬೇಗ ತೆಗೆದುಬಿಡುವುದು ಆ ಮೀನಿಗೂ ಉಳಿದವುಗಳಿಗೂ ಒಳ್ಳೆಯದು.